ನೆರೆ ಇಳಿದ ಊರಿಗೆ ಕೆಸರು ತೆಗೆಯಲು ಬಂದವರ ಕೈಗೆ ಒಂದು ಚೀಟಿ ಕೊಡಿ: ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ, ಬೆಂಗಳೂರು;
ಹಾಗೂ ಎಲ್ಲ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ.

ಮಾನ್ಯರೇ,

ನೆರೆ ಬಂದಾಗ ಜನರನ್ನು ದಡಕ್ಕೆ ತರುವುದಕ್ಕೆ ತಮ್ಮಲ್ಲಿ ಯೋಜನೆಗಳಿವೆ, ದೋಣಿಗಳಿವೆ, ತರಬೇತಾದ ಪಡೆಗಳಿವೆ. ಆದರೆ ನೀರು ಇಳಿದ ಮೇಲೆ ಮನೆಯೊಳಗೆ ಮೊಳಕಾಲುದ್ದ ನಿಂತ ಕೆಸರನ್ನು ಯಾರು ತೆಗೆಯಬೇಕು, ಯಾರ ಮಾತಿನಂತೆ ತೆಗೆಯಬೇಕು, ತೆಗೆದದ್ದನ್ನು ಎಲ್ಲಿ ಹಾಕಬೇಕು ಎಂಬುದನ್ನು ಪ್ರತಿ ಸಲವೂ ಸ್ಥಳದಲ್ಲೇ, ದಣಿದ ಜನರ ನಡುವೆ, ಏರಿದ ದನಿಯಲ್ಲಿ ತೀರ್ಮಾನಿಸಿಕೊಳ್ಳಬೇಕಾಗಿದೆ. ಹೊರಗಿನಿಂದ ಬಂದ ಕೆಲಸಗಾರರಿಗೂ ಸ್ಥಳೀಯ ಆಡಳಿತಕ್ಕೂ ನಡುವೆ ಆಗುವ ಆ ತಿಕ್ಕಾಟದಲ್ಲಿ ಒಂದು ಕಡೆಯವನಾಗಿ ನಾನು ನಿಂತಿದ್ದೇನೆ. ಕೆಲವೊಮ್ಮೆ ಸರಿಯಾಗಿ ನಿಂತಿದ್ದೇನೆ, ಕೆಲವೊಮ್ಮೆ ತಪ್ಪಾಗಿ. ಎರಡನ್ನೂ ಬಚ್ಚಿಡದೆ ಹೇಳಿ ಒಂದು ಕೋರಿಕೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ನಾನು ಉಡುಪಿ ಜಿಲ್ಲೆಯವನು, ಐಟಿಐ ಒಂದರಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. 2018ರ ಆಗಸ್ಟ್‌ನಲ್ಲಿ ಕೇರಳದ ನೆರೆ ಇಳಿಯತೊಡಗಿದಾಗ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಪಂಪ್ ಮೆಕ್ಯಾನಿಕ್ಕರು, ಎಲೆಕ್ಟ್ರಿಷಿಯನ್ನರು ಮತ್ತು ಬಾವಿ ಕೆಲಸ ಬಲ್ಲ ಇಬ್ಬರು ಸೇರಿ ಒಟ್ಟು ಹನ್ನೊಂದು ಮಂದಿ ಒಂದು ಟೆಂಪೋದಲ್ಲಿ ಹೊರಟೆವು. ನಮ್ಮ ತಂಡಕ್ಕೆ ಹೆಸರಿಲ್ಲ, ನೋಂದಣಿಯಿಲ್ಲ, ಬ್ಯಾನರ್ ಇಲ್ಲ. ಅಂದಿನಿಂದ ಇಂದಿನವರೆಗೆ ಕೇರಳದಲ್ಲೂ ನಮ್ಮ ರಾಜ್ಯದಲ್ಲೂ ನೆರೆ ಕಂಡ ಐದಾರು ಊರುಗಳಲ್ಲಿ ಬಾವಿ ತೊಳೆದಿದ್ದೇವೆ, ಮನೆಗಳ ಕೆಸರು ತೆಗೆದಿದ್ದೇವೆ, ಕೆಟ್ಟ ಮೋಟರುಗಳನ್ನು ಬಿಚ್ಚಿ ಒಣಗಿಸಿ ಮತ್ತೆ ಓಡುವಂತೆ ಮಾಡಿದ್ದೇವೆ.

ಆ ಮೊದಲ ಪ್ರವಾಸದಲ್ಲಿ ನಮಗೆ ಸಿಕ್ಕ ವ್ಯವಸ್ಥೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಾಗದು. ಊರು ತಲುಪಿದ ಸಂಜೆಯೇ ವಾರ್ಡ್ ಸದಸ್ಯರು ನಮ್ಮ ಹೆಸರು, ಊರು, ಕೈಕೆಲಸ ಬರೆದುಕೊಂಡರು. ಇಲಿ ಜ್ವರ ಬಾರದಂತೆ ಡಾಕ್ಸಿಸೈಕ್ಲಿನ್ ಮಾತ್ರೆ ಎದುರಿನಲ್ಲೇ ನುಂಗಿಸಿದರು. ನೆರೆಯ ನಂತರ ಕೇರಳದಲ್ಲಿ ಇಲಿ ಜ್ವರ ಹಲವರ ಜೀವ ತೆಗೆದುಕೊಂಡಿತೆಂಬುದು ತಮಗೆ ಗೊತ್ತೇ ಇದೆ; ಗಾಯವಾದ ಕಾಲಿನಲ್ಲಿ ಕೆಸರಿಗಿಳಿಯುವವನಿಗೆ ಆ ಮಾತ್ರೆ ಊಟಕ್ಕಿಂತ ಮುಖ್ಯವಾದದ್ದು. ಮರುದಿನ ಬೆಳಿಗ್ಗೆ ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಇಬ್ಬರು ಹೆಂಗಸರು ನಮ್ಮನ್ನು ಮನೆಯಿಂದ ಮನೆಗೆ ಕರೆದೊಯ್ದರು. ಯಾವ ಬಾವಿಯ ನೀರನ್ನು ಪೂರ್ತಿ ಎತ್ತಬಾರದು ಎಂದು ಹೇಳಿದವರೂ ಅವರೇ. ಸುತ್ತಲಿನ ನೆಲವೆಲ್ಲ ನೀರು ಕುಡಿದು ಉಬ್ಬಿರುವಾಗ ಬಾವಿಯೊಂದನ್ನೇ ಬರಿದು ಮಾಡಿದರೆ ಹೊರಗಿನ ಒತ್ತಡಕ್ಕೆ ರಿಂಗುಗಳು ಒಳಗೆ ಕುಸಿಯುತ್ತವೆ. ಕರಾವಳಿಯವರಾದ ನಮಗೆ ಬಾವಿ ಹೊಸದಲ್ಲ, ಆದರೂ ಅಂಥ ನೆರೆಯ ನಂತರದ ಬಾವಿ ಹೊಸದಾಗಿತ್ತು. ಅವರ ಮಾತಿನಂತೆ ಅರ್ಧ ನೀರು ಎತ್ತಿ, ತಳ ಕಲಕದೆ ಬ್ಲೀಚಿಂಗ್ ಪೌಡರ್ ಹಾಕಿ ಬಿಟ್ಟೆವು. ಆರು ದಿನಗಳಲ್ಲಿ ಯಾರೊಂದಿಗೂ ಒಂದು ಗಡುಸು ಮಾತು ಆಗಲಿಲ್ಲ.

ಮರುವರ್ಷ, 2019ರ ಆಗಸ್ಟ್‌ನಲ್ಲಿ, ನಮ್ಮ ರಾಜ್ಯದಲ್ಲೇ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಪೀಡಿತವೆಂದು ಘೋಷಿತವಾದವು. ನವಿಲುತೀರ್ಥ ಅಣೆಕಟ್ಟಿನಿಂದ ಹೊರಬಿಟ್ಟ ನೀರು ಮಲಪ್ರಭೆಯ ಎರಡೂ ದಂಡೆಯ ಊರುಗಳೊಳಗೆ ಹೊಕ್ಕಿತ್ತು. ಅಲ್ಲಿನ ಒಂದು ಊರಿಗೆ ನಾವು ಹೋದೆವು; ಊರಿನ ಹೆಸರೂ ಅಧಿಕಾರಿಗಳ ಹೆಸರೂ ಈ ಪತ್ರಕ್ಕೆ ಬೇಕಿಲ್ಲ. ನೀರು ಇಳಿದು ಎರಡು ದಿನವಾಗಿತ್ತು. ಎರೆಮಣ್ಣಿನ ಕೆಸರು ಕರಾವಳಿಯ ಕೆಸರಿನಂತಲ್ಲ, ಹಾರೆಗೆ ಹಿಡಿದರೆ ಬಿಡುವುದಿಲ್ಲ, ಒಣಗಿದರೆ ಕಲ್ಲಾಗುತ್ತದೆ. ಆದ್ದರಿಂದ ಹಸಿಯಿರುವಾಗಲೇ ತೆಗೆಯಬೇಕೆಂಬ ಆತುರದಲ್ಲಿ, ಯಾರನ್ನೂ ಕೇಳದೆ, ಬಾಗಿಲು ತೆರೆದಿದ್ದ ಮೊದಲ ನಾಲ್ಕು ಮನೆಗಳಿಗೆ ನುಗ್ಗಿ ಮಧ್ಯಾಹ್ನದ ಹೊತ್ತಿಗೆ ನೆಲ ಕಾಣುವಂತೆ ಮಾಡಿದೆವು. ಗೋಡೆಗಳನ್ನೂ ತೊಳೆದೆವು.

ಐದನೆಯ ಮನೆಯ ಹೊಸ್ತಿಲಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಇಟ್ಟು ನಿಂತರು. "ಯಪ್ಪಾ, ಸಾಹೇಬ್ರು ಬಂದು ನೋಡಿ ಬರಕೊಂಡು ಹೋಗೂತನಕ ಈ ಮಣ್ಣ ಮುಟ್ಟಬ್ಯಾಡ್ರಿ" ಎಂದರು. ಆ ಮನೆಯವರು ಎರಡು ರಾತ್ರಿ ಗುಡಿಯಲ್ಲಿ ಮಲಗಿದ್ದರು, ಮನೆ ನಾರುತ್ತಿತ್ತು, ಮೊಮ್ಮಕ್ಕಳಿಗೆ ಕೆಮ್ಮು ಹಿಡಿದಿತ್ತು; ಆದರೂ ಅವರಿಗೆ ಕೆಸರು ಬೇಕಾಗಿತ್ತು. ಏಕೆಂದರೆ ಗೋಡೆಯ ಮೇಲಿನ ನೀರಿನ ಗೆರೆ, ಒಳಗೆ ನಿಂತ ಹೂಳು, ಕೊಳೆತ ಜೋಳದ ಚೀಲ, ಇವೇ ಅವರ ಬಳಿ ಉಳಿದಿದ್ದ ಪುರಾವೆ. ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ಆ ವರ್ಷ ಸರ್ಕಾರ ಘೋಷಿಸಿದ್ದ ತುರ್ತು ಪರಿಹಾರ 10,000 ರೂಪಾಯಿ, ಮನೆ ಶೇ. 75ಕ್ಕಿಂತ ಹೆಚ್ಚು ಹಾನಿಗೊಂಡು ‘ಎ’ ವರ್ಗದಲ್ಲಿ ಸೇರಿದರೆ 5 ಲಕ್ಷ. ಹಾನಿ ಶೇ. 15ಕ್ಕಿಂತ ಕಡಿಮೆಯೆಂದು ಯಾರಾದರೂ ಬರೆದುಬಿಟ್ಟರೆ ಎ, ಬಿ, ಸಿ ಎಂಬ ಮೂರು ವರ್ಗಗಳಲ್ಲಿ ಯಾವುದರಲ್ಲೂ ಜಾಗವಿಲ್ಲ. ಇಂಥ ಲೆಕ್ಕದಲ್ಲಿ ಸಮೀಕ್ಷೆಗೆ ಮುಂಚೆ ಮನೆ ತೊಳೆದುಕೊಟ್ಟ ಉಪಕಾರಿ ಆ ಮನೆಯವರಿಗೆ ಏನು ಮಾಡಿದಂತಾಯಿತು ಎಂಬುದು ಅಂದು ನನಗೆ ಹೊಳೆಯಿತು. ಹಿಂದಿನ ನಾಲ್ಕು ಮನೆಗಳಿಗೆ ನಾವು ಮಾಡಿದ್ದು ಅದನ್ನೇ. ನಮ್ಮ ಹುಡುಗನೊಬ್ಬ ಕೆಲಸಕ್ಕೆ ಮುಂಚೆ ಮೊಬೈಲಿನಲ್ಲಿ ತೆಗೆದಿದ್ದ ಕೆಲವು ಫೋಟೋಗಳನ್ನು ಆ ಮನೆಯವರಿಗೆ ಕೊಟ್ಟೆವು. ಸಮೀಕ್ಷೆಗೆ ಬಂದವರು ಅವನ್ನು ದಾಖಲೆಯೆಂದು ತೆಗೆದುಕೊಳ್ಳಲು ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು. ಆ ನಾಲ್ಕು ಮನೆಗಳ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಂದು ಸಂಜೆ ಸ್ಥಳೀಯ ಅಧಿಕಾರಿಯೊಬ್ಬರು ಬಂದು ನಮ್ಮನ್ನು ತಡೆದರು. ಅವರು ತಡೆದದ್ದು ತಪ್ಪಲ್ಲ, ತಡೆದ ರೀತಿ ಮಾತ್ರ ನೋವಿನದು. ಸಮೀಕ್ಷೆ ಮುಗಿದಿಲ್ಲ, ಆದ್ದರಿಂದ ಇಂಥ ಓಣಿಗೆ ಹೋಗಬೇಡಿ, ಇಂಥ ಶಾಲೆಯನ್ನು ಮೊದಲು ಸ್ವಚ್ಛ ಮಾಡಿಕೊಡಿ ಎಂದಿದ್ದರೆ ಅರ್ಧ ನಿಮಿಷದ ಮಾತು ಮುಗಿಯುತ್ತಿತ್ತು. ಅದರ ಬದಲು ನೀವು ಯಾವ ಪಕ್ಷದವರು, ಯಾರ ಅನುಮತಿಯಿಂದ ಬಂದಿರಿ, ತಂದ ಸಾಮಾನನ್ನು ಇಲ್ಲಿ ಇಳಿಸಿ ಹೊರಡಿ ಎಂದರು. ಅನುಮತಿ ಯಾರ ಬಳಿ ಸಿಗುತ್ತದೆ ಎಂದು ಕೇಳಿದರೆ ಪಂಚಾಯಿತಿಯವರು ತಾಲ್ಲೂಕು ಕಚೇರಿಯನ್ನು ತೋರಿಸಿದರು, ತಾಲ್ಲೂಕು ಕಚೇರಿಯವರು ಜಿಲ್ಲಾ ಕೇಂದ್ರದ ಸಹಾಯವಾಣಿಯನ್ನು ತೋರಿಸಿದರು, ಸಹಾಯವಾಣಿಯವರು ಅದು ಸ್ಥಳೀಯವಾಗಿ ತೀರ್ಮಾನವಾಗಬೇಕಾದ ವಿಷಯ ಎಂದರು. ಎರಡು ದಿನ ಹನ್ನೊಂದು ಜೋಡಿ ಕೈಗಳು ಶಾಲೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದವು. ನಮ್ಮ ಹುಡುಗರು ಸಂಬಳ ಕಳೆದುಕೊಂಡು ಬಂದಿದ್ದವರು. ಅವರಲ್ಲಿ ಕೆಲವರು ಕೋಪದಿಂದ ವಾಟ್ಸಾಪಿನಲ್ಲಿ ಆ ಅಧಿಕಾರಿಯ ವಿರುದ್ಧ ಬರೆದರು, ಅದು ಊರೂರಿಗೆ ಹರಡಿತು, ಮರುದಿನ ಪೊಲೀಸರು ನಮ್ಮ ಟೆಂಪೋದ ದಾಖಲೆಗಳನ್ನು ಕೇಳಲು ಬಂದರು. ಒಂದು ಮಾತು ಇನ್ನೊಂದಕ್ಕೆ ಬೆಳೆಯುವುದು ಹೀಗೆ.

ಆ ಅಧಿಕಾರಿಯ ಸ್ಥಿತಿಯನ್ನೂ ನಾನು ಆಮೇಲೆ ಅರಿತೆ. ಅವರ ಕೈಯಲ್ಲಿ ಹಲವು ಹಳ್ಳಿಗಳಿದ್ದವು, ಪರಿಹಾರ ಕೇಂದ್ರದ ಊಟದ ಲೆಕ್ಕವಿತ್ತು, ಸತ್ತ ದನಗಳ ವಿಲೇವಾರಿಯಿತ್ತು, ದಿನಕ್ಕೊಬ್ಬ ಗಣ್ಯರ ಭೇಟಿಯಿತ್ತು. ನಮಗಿಂತ ಮುಂಚೆ ಬಂದಿದ್ದ ಒಂದು ತಂಡ ಹಳೆಯ ಬಟ್ಟೆಗಳ ರಾಶಿಯನ್ನು ರಸ್ತೆಯಲ್ಲಿ ಸುರಿದು, ಫೋಟೋ ತೆಗೆಸಿಕೊಂಡು ಹೋಗಿತ್ತಂತೆ. ಮಳೆಗೆ ನೆಂದ ಆ ಬಟ್ಟೆಗಳೇ ಚರಂಡಿ ಕಟ್ಟಿದವು. ಇನ್ನೊಂದು ತಂಡ ಮೇಲಿನ ಓಣಿಯ ಕೆಸರನ್ನು ಕೆಳಗಿನ ಓಣಿಯ ಮೋರಿಗೆ ತಳ್ಳಿದ್ದರಿಂದ, ಮರುರಾತ್ರಿಯ ಮಳೆಯಲ್ಲಿ ಅಲ್ಲಿನ ದಲಿತರ ಮನೆಗಳಿಗೆ ಎರಡನೆಯ ಸಲ ನೀರು ನುಗ್ಗಿತ್ತು. ಹೊರಗಿನವರನ್ನು ಕಂಡರೆ ಅಲ್ಲಿನವರ ಮುಖ ಬಿಗಿಯುವುದಕ್ಕೆ ಕಾರಣಗಳಿದ್ದವು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕೊನೆಗೂ ಕೆಲಸ ಶುರುವಾದ ದಿನ ಒಂದು ಮನೆಯ ಅಂಗಳದಲ್ಲಿ ಕಲ್ಲು ಮುಚ್ಚಿದ್ದ ಗುಂಡಿ ಕಂಡಿತು. ಅದು ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕಣಜ. ಕರಾವಳಿಯ ನಮ್ಮ ಹುಡುಗರಿಗೆ ಹಗೇವಿನ ಹೆಸರೂ ಗೊತ್ತಿರಲಿಲ್ಲ. ನೀರು ಹೊಕ್ಕು ಕೊಳೆತ ಕಾಳನ್ನು ಬುಟ್ಟಿಯಲ್ಲಿ ಎತ್ತಿಬಿಡೋಣವೆಂದು ಒಬ್ಬ ಇಳಿಯಲು ಸಿದ್ಧನಾದ. ಪಂಚಾಯಿತಿಯ ವಾಟರ್‌ಮನ್ ಓಡಿಬಂದು ಅವನ ತೋಳು ಹಿಡಿದೆಳೆದರು. ಹಿಂದಿನ ದಿನ ನಮ್ಮೊಡನೆ ಜಗಳವಾಡಿದ್ದವರಲ್ಲಿ ಅವರೂ ಒಬ್ಬರು. ಕೊಳೆತ ಕಾಳು ಒಳಗಿನ ಗಾಳಿಯನ್ನು ಕೆಡಿಸಿರುತ್ತದೆ, ಇಳಿದವನು ಉಸಿರುಗಟ್ಟಿ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ ಎಂದರು. ಬಾವಿಯೊಳಗೆ ಎಂಜಿನ್ ಪಂಪ್ ಇಳಿಸಿ ಓಡಿಸಬಾರದು, ಹೊಗೆಗೆ ಉಸಿರುಗಟ್ಟುತ್ತದೆ ಎಂದು ಐಟಿಐಯಲ್ಲಿ ವರ್ಷಗಟ್ಟಲೆ ಕಲಿಸಿದವನು ನಾನು. ಆದರೂ ಆ ಕಲ್ಲು ಮುಚ್ಚಳದ ಕೆಳಗೆ ಅದೇ ಸಾವು ಇದೆಯೆಂದು ನನಗೆ ತೋಚಲಿಲ್ಲ. ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಾವಣಿಯ, ಮನೆಗಳ ವಿಷಯದಲ್ಲೂ ಹಾಗೆಯೇ. ನೀರಿನಲ್ಲಿ ನಿಂತಿದ್ದಾಗ ಬೀಳದ ಮಣ್ಣಿನ ಗೋಡೆ ಬಿಸಿಲಿಗೆ ಒಣಗುವಾಗ ಬೀಳುತ್ತದೆ, ಯಾವ ಗೋಡೆಯ ಬುಡ ಮುಟ್ಟಬಾರದು ಎಂಬುದು ಊರಿನ ಗೌಂಡಿಗೆ ಗೊತ್ತಿರುತ್ತದೆ, ಹೊರಗಿನ ಎಂಜಿನಿಯರನಿಗೆ ಗೊತ್ತಿರುವುದಿಲ್ಲ. ಆ ವಾಟರ್‌ಮನ್ ನಮ್ಮ ಜೊತೆ ಮೊದಲ ದಿನದಿಂದಲೇ ಇರಬೇಕಿತ್ತು. ನಮ್ಮ ಜೊತೆ ಇರಿ ಎಂದು ಅವರಿಗೆ ಹೇಳುವ ಹೊಣೆ ಯಾರದೂ ಆಗಿರಲಿಲ್ಲ.

ಇದು ಒಂದು ಊರಿನ ಕಥೆಯಾಗಿದ್ದರೆ ತಮಗೆ ಬರೆಯುತ್ತಿರಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಇದೇ ತಿಕ್ಕಾಟ ಇಡೀ ದೇಶದ ಕಣ್ಣೆದುರು ನಡೆಯಿತು. ಕೇರಳದ ಲಾರಿ ಚಾಲಕರೊಬ್ಬರು ಕಾಣೆಯಾಗಿದ್ದರಿಂದ ಅಲ್ಲಿಂದ ಸ್ವಯಂಸೇವಕರು ಬಂದರು. ಮಲ್ಪೆಯಿಂದ ಮುಳುಗುಗಾರರು ಬಂದರು. ಲಾರಿ ಹೆದ್ದಾರಿಯ ಮೇಲಿನ ಮಣ್ಣಿನ ಕೆಳಗಿದೆಯೆಂದು ಕೆಲವರು, ಗಂಗಾವಳಿ ನದಿಯೊಳಗಿದೆಯೆಂದು ಕೆಲವರು ವಾದಿಸಿದರು. ಆಡಳಿತ ನಿಧಾನ ಮಾಡುತ್ತಿದೆ, ತಮ್ಮನ್ನು ಸ್ಥಳಕ್ಕೆ ಬಿಡುತ್ತಿಲ್ಲ ಎಂದು ಬಂದವರು ನೊಂದುಕೊಂಡರು. ಗುಡ್ಡ ಇನ್ನೂ ಕುಸಿಯುವ ಭಯವಿದೆ, ನದಿಯ ಸೆಳೆತ ಜೋರಾಗಿದೆ, ಇನ್ನೊಂದು ಜೀವ ಕಳೆದುಕೊಳ್ಳಲಾಗದು ಎಂದು ಆಡಳಿತ ಹೇಳಿತು. ಕೊನೆಗೆ ಗೋವಾದಿಂದ ಡ್ರೆಜ್ಜರ್ ತರಿಸಿ ಹೂಳೆತ್ತಿದ ಮೇಲೆ, ಸೆಪ್ಟೆಂಬರ್ 25ರಂದು, ಲಾರಿಯೂ ಚಾಲಕರ ದೇಹವೂ ನದಿಯಲ್ಲಿ ಸಿಕ್ಕವು. ಯಾರ ವಾದ ಸರಿಯಿತ್ತು ಎಂದು ಅಳೆಯಲು ನಾನು ಹೊರಟಿಲ್ಲ. ಆದರೆ ಆ ಎಪ್ಪತ್ತು ದಿನಗಳಲ್ಲಿ ಅದು ಎರಡು ರಾಜ್ಯಗಳ ಜಗಳವೆಂಬಂತೆ ಬೆಳೆದದ್ದು, ಆಗ ಇನ್ನೂ ಸಿಕ್ಕಿರದ ಸ್ಥಳೀಯ ಇಬ್ಬರ ಮನೆಯವರ ದನಿ ಆ ಗದ್ದಲದಲ್ಲಿ ಕೇಳದೇ ಹೋದದ್ದು, ನದಿಯಾಚೆಯ ಉಳುವರೆ ಗ್ರಾಮದ ನಷ್ಟ ಸುದ್ದಿಯ ಅಂಚಿಗೆ ಸರಿದದ್ದು, ಇವು ನನ್ನನ್ನು ಬಹಳ ಕಾಡಿದವು. ಹೊರಗಿನಿಂದ ಬಂದವರಿಗೆ ದಿನಕ್ಕೊಮ್ಮೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ಇಂದು ಏನು ನಡೆಯುತ್ತದೆ, ಏಕೆ ನಿಮ್ಮನ್ನು ಬಿಡುತ್ತಿಲ್ಲ ಎಂದು ಹೇಳುವ ಒಬ್ಬ ಅಧಿಕಾರಿ ಅಲ್ಲಿ ಆ ಕೆಲಸಕ್ಕೆಂದೇ ನಿಂತಿದ್ದರೆ ಆ ಕಹಿಯಲ್ಲಿ ಎಷ್ಟೋ ಪಾಲು ಹುಟ್ಟುತ್ತಲೇ ಇರಲಿಲ್ಲ ಎಂದು ನಾನು ನಂಬುತ್ತೇನೆ.

ಅದೇ ಜುಲೈ 30ರಂದು ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಅಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಸೇತುವೆಯಾಚೆಗೆ ಹೋಗಲು ಬರುವ ಸ್ವಯಂಸೇವಕರು ನೋಂದಾಯಿಸಿಕೊಳ್ಳಬೇಕೆಂಬ ವ್ಯವಸ್ಥೆಯನ್ನು ಅಲ್ಲಿನ ಆಡಳಿತ ಕೆಲವೇ ದಿನಗಳಲ್ಲಿ ಮಾಡಿತು. ಅಲ್ಲೂ ಎಲ್ಲವೂ ಸುಗಮವಾಗಿರಲಿಲ್ಲ; ಸ್ವಯಂಸೇವಕರು ನಡೆಸುತ್ತಿದ್ದ ಅಡುಗೆಮನೆಯೊಂದನ್ನು ನಿಲ್ಲಿಸಿದ್ದು ದೊಡ್ಡ ವಿವಾದವಾಯಿತು. ಆದರೆ ಹೆಸರು ಬರೆಸಿಕೊಂಡು ಒಳಗೆ ಹೋದವನಿಗೆ ತಾನು ಯಾರ ಲೆಕ್ಕದಲ್ಲಿದ್ದೇನೆ ಎಂಬುದು ಗೊತ್ತಿರುತ್ತದೆ, ಅವನು ಸಂಜೆ ಹಿಂದಿರುಗದಿದ್ದರೆ ಆಡಳಿತಕ್ಕೂ ಗೊತ್ತಾಗುತ್ತದೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ವಿಪತ್ತು ನಿರ್ವಹಣಾ ಅಧಿನಿಯಮ, 2005ರ 34ನೇ ಕಲಮು ಪೀಡಿತ ಪ್ರದೇಶಕ್ಕೆ ಯಾರು ಬರಬೇಕು, ಯಾರು ಬರಬಾರದು ಎಂದು ನಿಯಂತ್ರಿಸುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಸ್ವಯಂಸೇವಾ ಸಂಸ್ಥೆಗಳು ತಾರತಮ್ಯವಿಲ್ಲದೆ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆಯನ್ನೂ ಅದೇ ಕಲಮು ಹೊರಿಸಿದೆ. 30ನೇ ಕಲಮು ಅಂಥ ಸಂಸ್ಥೆಗಳ ಪಾಲ್ಗೊಳ್ಳುವಿಕೆಯನ್ನು ಪ್ರೋತ್ಸಾಹಿಸಬೇಕು ಎನ್ನುತ್ತದೆ. ತಡೆಯುವ ಅಧಿಕಾರ ಸ್ಥಳಕ್ಕೆ ತಲುಪಲು ಒಬ್ಬ ಪೊಲೀಸ್ ಸಾಕು. ಪ್ರೋತ್ಸಾಹಿಸುವ ಕರ್ತವ್ಯ ಸ್ಥಳಕ್ಕೆ ತಲುಪಬೇಕಾದರೆ ಮೇಜು, ನೋಂದಣಿ ಪುಸ್ತಕ, ಮಾತು ಬಲ್ಲ ಒಬ್ಬ ನೌಕರ ಬೇಕು. ನಾವು ಹೋದ ಹೆಚ್ಚಿನ ಊರುಗಳಲ್ಲಿ ಮೊದಲನೆಯದು ಬಂದಿತ್ತು, ಎರಡನೆಯದು ಬಂದಿರಲಿಲ್ಲ. ಸ್ವಯಂಸೇವಕರಿಗೆ ವಿಪತ್ತು ಕೆಲಸ ಕಲಿಸುವ ‘ಆಪದ ಮಿತ್ರ’ ಯೋಜನೆಯಲ್ಲಿ ತರಬೇತಿ ಪಡೆದವರಿಗೆ ಗುರುತು ಇದೆ, ವಿಮೆ ಇದೆ. ಅದು ಒಳ್ಳೆಯ ಕೆಲಸ. ಆದರೆ ನೆರೆ ಇಳಿದ ಮೂರನೆಯ ದಿನ ಟೆಂಪೋ ಹತ್ತಿ ಬರುವ ಪ್ಲಂಬರನಿಗೆ ಇವೆರಡೂ ಇಲ್ಲ.

ಹೊರಗಿನವರೆಂದರೆ ನಮ್ಮಂತೆ ಮನಸ್ಸಿನಿಂದ ಬಂದವರಷ್ಟೇ ಅಲ್ಲ. ಆದೇಶದ ಮೇಲೆ ಬೇರೆ ಊರಿನಿಂದ ಕಳುಹಿಸಲ್ಪಡುವ ಪೌರಕಾರ್ಮಿಕರೂ ಹೊರಗಿನವರೇ, ಮತ್ತು ಅವರಿಗೆ ನಮ್ಮಂತೆ ಜಗಳವಾಡುವ ಸ್ವಾತಂತ್ರ್ಯವೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ತಮಿಳುನಾಡಿನ ಬೇರೆ ಬೇರೆ ಜಿಲ್ಲೆಗಳ ನೈರ್ಮಲ್ಯ ಕಾರ್ಮಿಕರನ್ನು ಕರೆತಂದು ಬೆಟ್ಟದಂತೆ ಬಿದ್ದಿದ್ದ ಕಸವನ್ನು ಎತ್ತಿಸಿದರು. ಅವರಲ್ಲಿ ಅನೇಕರು ಕೈಗವಸು, ಗಮ್‌ಬೂಟುಗಳಿಲ್ಲದೆ ಬರಿಗೈಯಲ್ಲಿ ದುಡಿಯುತ್ತಿದ್ದ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಮಲಪ್ರಭೆಯ ಆ ಊರಿನಲ್ಲೂ ಬೇರೆ ಪಟ್ಟಣದಿಂದ ಬಂದ ಇಪ್ಪತ್ತು ಜನ ಪೌರಕಾರ್ಮಿಕರು ನಮ್ಮ ಪಕ್ಕದ ಕೋಣೆಯಲ್ಲೇ ಮಲಗಿದ್ದರು. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇರಲಿಲ್ಲ. ಸತ್ತ ಎಮ್ಮೆಗಳನ್ನು ಎಳೆದು ಬಂದವರಿಗೆ ಮೈತೊಳೆಯಲು ಬಿಸಿನೀರಿರಲಿಲ್ಲ. ಅವರ ಮೇಸ್ತ್ರಿ ಒಂದು ಕೆಲಸ ಹೇಳಿದರೆ ಊರಿನ ಮುಖಂಡರು ಇನ್ನೊಂದು ಹೇಳುತ್ತಿದ್ದರು, ಎರಡೂ ಮಾಡದಿದ್ದರೆ ಎರಡೂ ಕಡೆಯಿಂದ ಬೈಗುಳ. ಮೊದಲು ನಮ್ಮ ಮನೆ ಎಂದು ದೊಡ್ಡ ಮನೆಯವರು ಅವರನ್ನು ಕರೆದೊಯ್ಯುತ್ತಿದ್ದರು. ಅವರು ಎಲ್ಲಿ ಮೊದಲು ಹೋಗಬೇಕೆಂದು ಬರೆದ ಒಂದು ಕಾಗದ ಮೇಸ್ತ್ರಿಯ ಕಿಸೆಯಲ್ಲಿದ್ದಿದ್ದರೆ ಆತ ಇಲ್ಲವೆನ್ನಬಹುದಿತ್ತು. ಅವರ ಪರವಾಗಿ ಬರೆಯಲು ನಾನು ಯಾರೂ ಅಲ್ಲ, ಆದರೆ ಅವರು ಬರೆಯುವ ಸ್ಥಿತಿಯಲ್ಲಿ ಇರಲಿಲ್ಲವೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನೆರೆ ಅಥವಾ ಭೂಕುಸಿತ ಆದ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ, ಪ್ರತಿ ವಾರ್ಡಿನಲ್ಲೂ, ಸ್ವಚ್ಛತೆಯ ಹೊಣೆಗೆಂದೇ ಒಬ್ಬ ನೌಕರರನ್ನು ನೇಮಿಸಿ, ಅವರ ಹೆಸರನ್ನೂ ಫೋನನ್ನೂ ಊರ ಬಾಗಿಲಲ್ಲಿ ಬರೆಸಿ ಹಾಕಿ. ಬಂದವರ ಹೆಸರು ಮತ್ತು ಕೈಕೆಲಸ ಬರೆದುಕೊಂಡು, ಇಂಥ ಓಣಿ, ಇಂಥ ಮನೆಗಳು, ಕೆಸರು ಹಾಕುವ ಜಾಗ ಇದು, ಜೊತೆಗಿರುವ ಊರಿನವರು ಇವರು ಎಂದು ಬರೆದ ಒಂದು ಚೀಟಿಯನ್ನು ಅವರ ಕೈಗೆ ಕೊಡಲಿ. ಆ ಚೀಟಿಯಿಲ್ಲದೆ ಯಾರೂ ಮನೆಯೊಳಗೆ ಹಾರೆ ಇಡದಿರಲಿ. ಚೀಟಿಯಿದ್ದವರನ್ನು ಯಾರೂ ಪಕ್ಷ ಕೇಳದಿರಲಿ. ಚೀಟಿಯ ಜೊತೆಗೇ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಸಹಾಯಕಿಯರ ಕೈಯಿಂದ ಕೊಡಿಸಿ, ಕೆಲಸದ ದಿನಗಳಿಗೆ ಅಪಘಾತ ವಿಮೆ ಇರಲಿ. ಆದೇಶದ ಮೇಲೆ ಬರುವ ಪೌರಕಾರ್ಮಿಕರಿಗೆ ಗಮ್‌ಬೂಟು, ಕೈಗವಸು, ಮಲಗುವ ಜಾಗ, ಶೌಚಾಲಯ, ಹೆಚ್ಚುವರಿ ದಿನಭತ್ಯೆ ಇವು ಅವರು ಬಸ್ ಹತ್ತುವ ಮೊದಲೇ ಸಿದ್ಧವಾಗಿರಬೇಕು. ಸಿದ್ಧವಿಲ್ಲದಿದ್ದರೆ ಅವರನ್ನು ಕಳುಹಿಸಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಸಮೀಕ್ಷೆಯ ಮಾತು. ಮನೆಯವರ ಎದುರಿನಲ್ಲಿ ಕೆಲಸಕ್ಕೆ ಮುಂಚೆ ತೆಗೆದ, ದಿನಾಂಕ ಮತ್ತು ಸ್ಥಳ ದಾಖಲಾದ ಫೋಟೋಗಳನ್ನು ಹಾನಿಯ ಪುರಾವೆಯಾಗಿ ಒಪ್ಪಬೇಕೆಂದು ತಾವು ಒಂದು ಸುತ್ತೋಲೆ ಹೊರಡಿಸಿದರೆ, ಗ್ರಾಮ ಆಡಳಿತಾಧಿಕಾರಿಯೂ ಎಂಜಿನಿಯರೂ ಬರುವವರೆಗೆ ಮಕ್ಕಳು ಮರಿಗಳು ಕೆಸರಿನ ವಾಸನೆಯಲ್ಲಿ ಕಾಯಬೇಕಾಗಿಲ್ಲ. ಗೋಡೆಯ ಮೇಲಿನ ನೀರಿನ ಗೆರೆಯನ್ನು ತೊಳೆಯುವ ಮೊದಲು ಅದರ ಎತ್ತರವನ್ನು ಅಳೆದು, ಇಬ್ಬರು ನೆರೆಹೊರೆಯವರ ಸಹಿಯೊಡನೆ ಚೀಟಿಯ ಬೆನ್ನಿಗೆ ಬರೆದರೆ ಅದೇ ಒಂದು ಮಹಜರಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹಣವೂ ಹೆಚ್ಚು ಬೇಕಿಲ್ಲ. ಇದನ್ನು ಒಪ್ಪಲಾಗದ ಕಾರಣಗಳಿದ್ದರೆ, ಸುಳ್ಳು ಫೋಟೋಗಳ ಭಯವಿದ್ದರೆ, ಅದಕ್ಕೆ ಬೇರೆ ದಾರಿಯನ್ನು ತಾವೇ ಸೂಚಿಸಿ. ಆದರೆ ಹೊಸ್ತಿಲಲ್ಲಿ ಕೈ ಅಡ್ಡ ಇಟ್ಟು ನಿಂತ ಆ ಅಜ್ಜಿಗೆ ಮನೆಯೋ ಪರಿಹಾರವೋ ಎಂಬ ಆಯ್ಕೆಯನ್ನು ಇನ್ನೊಮ್ಮೆ ಮಾಡಿಸಬೇಡಿ.

ಮುಂದಿನ ಮುಂಗಾರಿಗೆ ಮೊದಲು ಈ ವಿಷಯದ ಮೇಲೆ ಒಂದು ಸಭೆ ಕರೆಯುವುದಾದರೆ ಪಂಚಾಯಿತಿಯ ವಾಟರ್‌ಮನ್‌ಗಳನ್ನೂ ಪೌರಕಾರ್ಮಿಕರ ಪ್ರತಿನಿಧಿಗಳನ್ನೂ ನೆರೆ ಕಂಡ ಊರುಗಳ ಹೆಂಗಸರನ್ನೂ ಅಧಿಕಾರಿಗಳ ಸಾಲಿನಲ್ಲೇ ಕೂರಿಸಿ ಅವರ ಮಾತು ಕೇಳಬೇಕೆಂದು ಬೇಡುತ್ತೇನೆ. ನಮ್ಮ ತಂಡದಲ್ಲಿ ಈಗ ಒಂಬತ್ತು ಜನರಿದ್ದೇವೆ. ನಮ್ಮ ಹೆಸರು, ವಯಸ್ಸು, ಬಲ್ಲ ಕೆಲಸ, ನಮ್ಮಲ್ಲಿರುವ ಎರಡು ಪಂಪುಗಳ ಸಾಮರ್ಥ್ಯ ಇವನ್ನೆಲ್ಲ ಬರೆದು ಇಟ್ಟುಕೊಂಡಿದ್ದೇವೆ. ಅದನ್ನು ಯಾವ ಕಚೇರಿಗೆ, ಯಾರ ಹೆಸರಿಗೆ ಕಳುಹಿಸಬೇಕೆಂದು ತಾವು ತಿಳಿಸಿದರೆ ಈ ವಾರವೇ ಕಳುಹಿಸುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಉಡುಪಿ ಜಿಲ್ಲೆಯ ಒಬ್ಬ ನಿವೃತ್ತ ಐಟಿಐ ಬೋಧಕ